ಕೆಂಪಾಪುರದಲ್ಲಿ ಬಣ್ಣ ಒಣಗುವ ಹೊತ್ತು

ಬೆಂಗಳೂರಿನ ಹೆಬ್ಬಾಳದ ಮೇಲ್ಸೇತುವೆ ಇಳಿದು ಹೊರವರ್ತುಲ ರಸ್ತೆಯಲ್ಲಿ ನಾಗವಾರದ ಕಡೆ ಹೊರಟರೆ ಎಡಕ್ಕೆ ಸಿಗುವುದು ಕೆಂಪಾಪುರ. ಒಂದು ಮಗ್ಗುಲಿಗೆ ಬಳ್ಳಾರಿ ರಸ್ತೆ, ಇನ್ನೊಂದು ಮಗ್ಗುಲಿಗೆ ವರ್ತುಲ ರಸ್ತೆ. ಕಾಫಿ ಬೋರ್ಡ್ ಬಡಾವಣೆ, ಸಿಂಧಿ ಕಾಲೇಜು, ಸಾಲು ಸಾಲು ಅಪಾರ್ಟ್‌ಮೆಂಟು, ಅವುಗಳ ಸಂದಿಯಲ್ಲಿ ಹಳೇ ಊರಿನ ಮನೆಗಳು. ಮಾನ್ಯತಾ ಟೆಕ್ ಪಾರ್ಕ್ ಹತ್ತಿರ, ವಿಮಾನ ನಿಲ್ದಾಣದ ದಾರಿ ಪಕ್ಕದಲ್ಲೇ. ಹಾಗಾಗಿ ಇಲ್ಲಿ ಕಾರುಗಳಿಗೆ ಬರವಿಲ್ಲ. ಕಾರು ಹೆಚ್ಚಿದಷ್ಟೂ ಗೀರು ಹೆಚ್ಚು, ಗೀರು ಹೆಚ್ಚಿದಷ್ಟೂ ಟಿಂಕರಿಂಗ್–ಪೇಂಟಿಂಗ್ ಶೆಡ್ಡುಗಳಿಗೆ ಕೆಲಸ. ಹೊಸದಾಗಿ ಬಣ್ಣ ಹೊಡೆಸಿದ ಕಾರನ್ನು ಕಾಪಾಡಿಕೊಳ್ಳುವುದು ಹೇಗೆ ಎಂಬುದನ್ನು ಈ ಕೆಲಸ ಮಾಡುವ ಕೈಗಳಿಂದಲೇ ತಿಳಿಯಬೇಕೆಂದು ಈ ಬೀದಿಗಳಲ್ಲಿ ನಡೆದೆ. ಇದು ಆ ನಡಿಗೆಯ ವಿವರ.

ದೂಳಿನ ದಾರಿ

ಮೊದಲು ಎದುರಾಗುವುದು ದೂಳು. ಕೆ.ಆರ್. ಪುರದಿಂದ ವಿಮಾನ ನಿಲ್ದಾಣಕ್ಕೆ ಹೋಗುವ ಮೆಟ್ರೊ ನೀಲಿ ಮಾರ್ಗ ನಾಗವಾರ, ವೀರಣ್ಣಪಾಳ್ಯ, ಕೆಂಪಾಪುರ, ಹೆಬ್ಬಾಳ ದಾಟಿ ಬಳ್ಳಾರಿ ರಸ್ತೆಗೆ ತಿರುಗುತ್ತದೆ. ಅದರ ಕಂಬಗಳು ಎದ್ದ ಉದ್ದಕ್ಕೂ ಕಾಂಕ್ರೀಟು, ಜಲ್ಲಿ, ಎಂ–ಸ್ಯಾಂಡ್ ಸಾಗಿವೆ. ಒಳರಸ್ತೆಗಳಲ್ಲಿ ಮನೆ ಕಟ್ಟುವ ಕೆಲಸ ನಿಲ್ಲುವುದೇ ಇಲ್ಲ. ಎಂ–ಸ್ಯಾಂಡ್ ಎಂದರೆ ಬಂಡೆ ಪುಡಿ ಮಾಡಿ ತೆಗೆದ ಮರಳು. ಹೊಳೆಯಲ್ಲಿ ಉರುಳಿ ನುಣುಪಾದ ಮರಳಿನ ಕಾಳಿನ ಹಾಗಲ್ಲ ಅದು, ಮೂಲೆ ಮೂಲೆಯೂ ಚೂಪು. ಕಲ್ಲುಪುಡಿಯಲ್ಲಿರುವ ಸ್ಫಟಿಕಶಿಲೆಯ ಗಡಸುತನ ಮೋಸ್ ಮಾಪನದಲ್ಲಿ 7. ಸಾಮಾನ್ಯ ಚಾಕುವಿನ ಉಕ್ಕು ಸುಮಾರು 5.5. ಕಾರಿನ ಬಣ್ಣದ ಮೇಲ್ಪದರ ಇವೆರಡಕ್ಕಿಂತ ಎಷ್ಟೋ ಮೆದು.

ರಸ್ತೆ ಬದಿ ನಿಂತ ಯಾವ ಕಾರಿನ ಬಾನೆಟ್ ನೋಡಿದರೂ ಈ ಪುಡಿಯ ತೆಳು ಹಾಸು ಕಾಣುತ್ತದೆ. ಒಣಬಟ್ಟೆ ಹಿಡಿದು ಅದನ್ನು ಒರೆಸಿದರೆ ಬಣ್ಣವನ್ನು ಉಪ್ಪುಕಾಗದದಲ್ಲಿ ತಿಕ್ಕಿದಂತೆಯೇ. ಇಬ್ಬನಿ ಬಿದ್ದ ಬೆಳಿಗ್ಗೆ ಸಿಮೆಂಟಿನ ದೂಳು ಇನ್ನೊಂದು ಬಗೆಯಲ್ಲಿ ಕಾಡುತ್ತದೆ. ನೀರು ತಾಗಿದೊಡನೆ ಅದು ಕ್ಷಾರವಾಗಿ, ಒಣಗುತ್ತಾ ಗಟ್ಟಿಯಾಗಿ ಮೇಲ್ಮೈಗೆ ಅಂಟಿಕೊಳ್ಳುತ್ತದೆ. ಉಗುರಿನಿಂದ ಕೆರೆದರೆ ಬಣ್ಣಕ್ಕೂ ಗೀರು ಬೀಳುತ್ತದೆ. ಕೆಂಪಾಪುರದಂಥ ಕಡೆ ಹೊಸ ಬಣ್ಣ ಬೇಗ ಮಂಕಾಗಲು ಬಿಸಿಲಿಗಿಂತ ಈ ಪುಡಿ ಮತ್ತು ಅದನ್ನು ಒರೆಸುವ ರೀತಿಯೇ ದೊಡ್ಡ ಕಾರಣ.

ಶೆಡ್ಡಿನ ಒಳಗೆ

ಮುಖ್ಯರಸ್ತೆ ಬಿಟ್ಟು ಅಡ್ಡರಸ್ತೆಗೆ ಹೊರಳಿದರೆ ತಗಡಿನ ಮಾಡಿನ ಶೆಡ್ಡು. ಮುಂಭಾಗದಲ್ಲಿ ಟಿಂಕರಿಂಗ್. ಜಜ್ಜಿಹೋದ ಬಾಗಿಲನ್ನು ಒಳಗಿನಿಂದ ಸುತ್ತಿಗೆಯಲ್ಲಿ ಸಣ್ಣಗೆ ತಟ್ಟುತ್ತಾ ಮೇಸ್ತ್ರಿ ಅಂಗೈ ಆಡಿಸಿ ಉಬ್ಬು ತಗ್ಗು ಹುಡುಕುತ್ತಾರೆ. ಕಣ್ಣಿಗೆ ಸಿಗದ ತಗ್ಗು ಅಂಗೈಗೆ ಸಿಗುತ್ತದೆ. ನಡುಭಾಗದಲ್ಲಿ ತಗ್ಗು ತುಂಬುವ ಪಟ್ಟಿ (ಪುಟ್ಟಿ) ಎಳೆದು, ಒಣಗಿಸಿ, ಮರದ ತುಂಡಿಗೆ ಕಾಗದ ಸುತ್ತಿ ಉಜ್ಜುವ ಹುಡುಗರು. ಹಿಂಭಾಗದಲ್ಲಿ ಪ್ಲಾಸ್ಟಿಕ್ ಹಾಳೆ ಇಳಿಬಿಟ್ಟ ಬೂತ್. ಅಲ್ಲಿ ನಿಂತ ಕಾರಿನ ಗಾಜು, ದೀಪ, ಟೈರುಗಳಿಗೆಲ್ಲ ಮಾಸ್ಕಿಂಗ್ ಟೇಪ್ ಮತ್ತು ಹಳೇ ಪತ್ರಿಕೆ. ದೂಳು ಏಳದಿರಲೆಂದು ನೆಲಕ್ಕೆ ನೀರು ಚಿಮುಕಿಸಿದ್ದಾರೆ.

ಕಾರಿನ ಹೊಳಪಿನ ಹಿಂದೆ ಎಷ್ಟು ಪದರಗಳಿವೆ ಎಂಬುದು ಇಲ್ಲಿ ಬಿಡಿಬಿಡಿಯಾಗಿ ಕಾಣುತ್ತದೆ. ಕಾರ್ಖಾನೆಯಲ್ಲಿ ಉಕ್ಕಿನ ತಗಡಿಗೆ ಮೊದಲು ಫಾಸ್ಫೇಟ್ ಲೇಪ. ಆಮೇಲೆ ಇಡೀ ಕಾರಿನ ಕವಚವನ್ನೇ ತೊಟ್ಟಿಯಲ್ಲಿ ಮುಳುಗಿಸಿ, ವಿದ್ಯುತ್ ಹಾಯಿಸಿ ಕೂರಿಸುವ ಇ–ಕೋಟ್, ಸುಮಾರು 20 ಮೈಕ್ರಾನ್. ಅದರ ಮೇಲೆ ಪ್ರೈಮರ್, ಬಣ್ಣ ಕೊಡುವ ಬೇಸ್ ಕೋಟ್, ಎಲ್ಲಕ್ಕೂ ಮೇಲೆ ಬಣ್ಣವಿಲ್ಲದ ಕ್ಲಿಯರ್ ಕೋಟ್, ಸುಮಾರು 40ರಿಂದ 50 ಮೈಕ್ರಾನ್. ಎಲ್ಲ ಸೇರಿ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್. ಮನುಷ್ಯನ ತಲೆಗೂದಲು ಹೆಚ್ಚುಕಡಿಮೆ 70 ಮೈಕ್ರಾನ್ ದಪ್ಪ. ಅಂದರೆ ಕಾರಿಗೆ ಹೊಳಪು ಕೊಡುವ, ಬಿಸಿಲಿನ ಅತಿನೇರಳೆ ಕಿರಣಗಳನ್ನು ತಡೆಯುವ ಪದರ ಒಂದು ಕೂದಲಿಗಿಂತ ತೆಳ್ಳಗೆ. ಬಣ್ಣವನ್ನು ನೋಡಿಕೊಳ್ಳುವ ಮಾತೆಲ್ಲ ಕೊನೆಗೆ ಬಂದು ನಿಲ್ಲುವುದು ಈ ಕೂದಲೆಳೆಯಷ್ಟು ಪದರದ ಮೇಲೆ.

ಗನ್ ಹಿಡಿದ ಪೇಂಟರ್ ಬಾಗಿಲಿನಿಂದ ಆರೆಂಟು ಇಂಚು ದೂರದಲ್ಲಿ, ಒಂದೇ ವೇಗದಲ್ಲಿ, ಮಣಿಕಟ್ಟು ತಿರುಗಿಸದೆ ಕೈ ಸಾಗಿಸುತ್ತಾರೆ. ಬೆಳ್ಳಿಬಣ್ಣವಾದರೆ ಈ ದೂರ ಸ್ವಲ್ಪವೂ ವ್ಯತ್ಯಾಸವಾಗಬಾರದು. ಅದರೊಳಗಿನ ಅಲ್ಯೂಮಿನಿಯಂ ಚೂರುಗಳು ಮಲಗುವ ರೀತಿ ಬದಲಾದರೆ ಅದೇ ಡಬ್ಬಿಯ ಬಣ್ಣ ಪಕ್ಕದ ಬಾಗಿಲಿಗೆ ಹೊಂದುವುದಿಲ್ಲ. ಬಾಗಿಲ ಕಂಬದ ಮೇಲಿನ ಚೀಟಿಯಲ್ಲಿರುವ ಬಣ್ಣದ ಕೋಡ್ ನೋಡಿ ಶೇಡ್ ಕಲೆಸಿದರೂ, ಬಿಸಿಲಿಗೆ ಹಳತಾದ ಕಾರಿಗೆ ಮತ್ತೆ ಕಣ್ಣಳತೆಯಲ್ಲೇ ತಿದ್ದಬೇಕು. ಒಂದು ಕೋಟ್‌ಗೂ ಇನ್ನೊಂದಕ್ಕೂ ನಡುವೆ ಥಿನ್ನರ್ ಆರಲು ಹತ್ತು ನಿಮಿಷದಷ್ಟು ಬಿಡುವು. ಕೊನೆಗೆ ಕ್ಲಿಯರ್. ಹೆಚ್ಚಿನ ಕಡೆ ಎರಡು ಪಾಲು ಕ್ಲಿಯರಿಗೆ ಒಂದು ಪಾಲು ಹಾರ್ಡನರ್ ಸೇರಿಸಿದ 2ಕೆ. ಡ್ಯಾಶ್‌ಬೋರ್ಡ್ ಮಿನುಗಿಸುವ ಸಿಲಿಕೋನ್ ಪಾಲಿಷನ್ನು ಒಳ್ಳೆಯ ಪೇಂಟರ್ ಬೂತಿನ ಹತ್ತಿರಕ್ಕೂ ಬಿಡುವುದಿಲ್ಲ. ಅದರ ಕಣ ತಗಡಿನ ಮೇಲೆ ಕೂತಿದ್ದರೆ ಬಣ್ಣ ಅಲ್ಲಿಂದ ಸರಿದು ಮೀನುಗಣ್ಣಿನಂಥ ಕುಳಿ ಬೀಳುತ್ತದೆ. ಮತ್ತೆ ಉಜ್ಜಿ ಮೊದಲಿನಿಂದ ಹೊಡೆಯಬೇಕು.

ಒಣಗಿದೆ, ಆದರೆ ಕಳಿತಿಲ್ಲ

ಶೆಡ್ಡಿನಲ್ಲಿ ಗಿರಾಕಿಗಳು ಹೆಚ್ಚು ಕೇಳುವ ಪ್ರಶ್ನೆ: ಯಾವಾಗ ಕೊಡುತ್ತೀರಿ? ಹೆಚ್ಚು ಕೇಳಬೇಕಾದದ್ದು: ಯಾವಾಗ ಮುಟ್ಟಬಹುದು?

ಇಲ್ಲೊಂದು ವ್ಯತ್ಯಾಸ ತಿಳಿಯಬೇಕು. ಕಾರ್ಖಾನೆಯಲ್ಲಿ ಬಣ್ಣ ಹೊಡೆದ ಕವಚ ಸುಮಾರು 140 ಡಿಗ್ರಿ ಸೆಲ್ಸಿಯಸ್ ಒಲೆಯಲ್ಲಿ ಬೇಯುತ್ತದೆ. ಅದು ಷೋರೂಮಿಗೆ ಬರುವ ಹೊತ್ತಿಗೆ ಬಣ್ಣ ಪೂರ್ತಿ ಕಳಿತಿರುತ್ತದೆ. ರಿಪೇರಿಗೆ ಬಂದ ಕಾರಿನಲ್ಲಿ ವೈರು, ರಬ್ಬರು, ಪ್ಲಾಸ್ಟಿಕ್ಕು ಎಲ್ಲ ಇರುವುದರಿಂದ ಅಷ್ಟು ಬಿಸಿ ಕೊಡಲಾಗದು. ಒಳ್ಳೆಯ ಬೂತಿನಲ್ಲಿ 60 ಡಿಗ್ರಿಯಲ್ಲಿ ಅರ್ಧ ಗಂಟೆ ಕಾಯಿಸುತ್ತಾರೆ. ಬೂತ್ ಇಲ್ಲದಲ್ಲಿ ಹೀಟ್ ಲ್ಯಾಂಪು, ಅದೂ ಇಲ್ಲದಲ್ಲಿ ಬೆಂಗಳೂರಿನ ಗಾಳಿ. ಮೇಲೆ ಮುಟ್ಟಿದರೆ ಒಣಗಿದೆ ಅನ್ನಿಸುತ್ತದೆ. ಒಳಗೆ ಕ್ಲಿಯರ್ ಮತ್ತು ಹಾರ್ಡನರ್ ಇನ್ನೂ ಒಂದನ್ನೊಂದು ಹೆಣೆಯುತ್ತಿರುತ್ತವೆ, ಉಳಿದ ಥಿನ್ನರ್ ನಿಧಾನಕ್ಕೆ ಹೊರಬರುತ್ತಿರುತ್ತದೆ. ಗಾಳಿಯಲ್ಲೇ ಒಣಗಿದ ಬಣ್ಣಕ್ಕೆ ಇದು ಮುಗಿಯಲು ಸಾಮಾನ್ಯವಾಗಿ 30 ದಿನ, ತಂಪು ತೇವ ಹೆಚ್ಚಿದ್ದರೆ ಇನ್ನೂ ಹೆಚ್ಚು.

ಆ ತಿಂಗಳಲ್ಲಿ ವ್ಯಾಕ್ಸ್ ಬೇಡ, ಸೆರಾಮಿಕ್ ಕೋಟಿಂಗ್ ಬೇಡ, ಪಿಪಿಎಫ್ ಎಂಬ ಪಾರದರ್ಶಕ ರಕ್ಷಣಾ ಹಾಳೆಯೂ ಬೇಡ. ಇವು ಮೇಲೆ ಮುಚ್ಚಳ ಹಾಕಿದಂತೆ. ಹೊರಬರಬೇಕಾದ ಥಿನ್ನರ್ ಒಳಗೇ ಸಿಕ್ಕಿಬಿದ್ದರೆ ಹೊಳಪು ಮಂಕಾಗುತ್ತದೆ, ಗುಳ್ಳೆ ಏಳಬಹುದು. ಕಾರಿಗೆ ಬಟ್ಟೆಯ ಹೊದಿಕೆ ಹಾಕಿಡುವುದೂ ಒಳ್ಳೆಯದಲ್ಲ. ಗಾಳಿ ಬೀಸಿದಾಗ ಅದು ಮೆತ್ತನೆಯ ಬಣ್ಣಕ್ಕೆ ತಿಕ್ಕುತ್ತದೆ, ತೇವ ಹಿಡಿದಿಡುತ್ತದೆ. ಮೊದಲ ಒಂದು ದಿನ ದೂಳು ಮಳೆಗಳಿಂದ ದೂರ ಇಡಿ. ಮೊದಲ ವಾರ ತೊಳೆಯುವುದೇ ಬೇಡ. ಆಮೇಲೆ ನೆರಳಿನಲ್ಲಿ ಬರೀ ನೀರು ಸುರಿದು, ಮೆತ್ತನೆಯ ಮೈಕ್ರೋಫೈಬರ್ ಬಟ್ಟೆ ತಾಗಿಸಿ ನೀರು ಹೀರಿಸಿದರೆ ಸಾಕು. ಬ್ರಷ್ ತಿರುಗುವ ಯಂತ್ರದ ವಾಶ್ ಕಡೆಗೆ ಹೋಗಲೇಬೇಡಿ.

ಹೊಸ ಕಾರು ಕೊಂಡವರು ಈ ತಿಂಗಳ ನಿಯಮಕ್ಕೆ ಹೆದರಬೇಕಿಲ್ಲ. ಅದು ಶೆಡ್ಡಿನಲ್ಲಿ ಮರುಬಣ್ಣ ಕಂಡ ಭಾಗಕ್ಕೆ ಮಾತ್ರ. ಬಂಪರ್ ಒಂದನ್ನೇ ಹೊಡೆಸಿದ್ದರೆ ಬಂಪರಿಗೆ ಮಾತ್ರ ಈ ಆರೈಕೆ.

ಪಾಲಿಷ್ ಎಂಬ ಖರ್ಚು

ಶೆಡ್ಡಿನಿಂದ ಮುಂದೆ, ಗಾಜಿನ ಬಾಗಿಲು, ಬಿಳಿ ದೀಪಗಳ ಡೀಟೇಲಿಂಗ್ ಅಂಗಡಿ. ಕಪ್ಪು ಕಾರೊಂದರ ಬಾನೆಟ್ ಮೇಲೆ ಟಾರ್ಚ್ ಹಿಡಿದರೆ ಬೆಳಕಿನ ಸುತ್ತ ಜೇಡರ ಬಲೆಯ ಹಾಗೆ ಸಣ್ಣ ಸಣ್ಣ ಗೀರುಗಳು. ಇವನ್ನು ತೆಗೆಯುವುದಕ್ಕೇ ಬಫ್ಫಿಂಗ್.

ಚನ್ನಪಟ್ಟಣದಲ್ಲಿ ಬೊಂಬೆ ತಿರುಗುವಾಗ ಅರಗಿನ ಕಡ್ಡಿ ಒತ್ತಿ, ತಿಕ್ಕಾಟದ ಬಿಸಿಗೆ ಕರಗಿದ ಅರಗನ್ನು ಕೇದಗೆ ಗರಿಯಿಂದ ಸವರಿ ಹೊಳಪು ತರುತ್ತಾರೆ. ಅಲ್ಲಿ ಪಾಲಿಷ್ ಎಂದರೆ ಹರಡುವ ಕೆಲಸ. ಕಾರಿನಲ್ಲಿ ಅದು ಕೊರೆಯುವ ಕೆಲಸ. ಗೀರನ್ನು ತುಂಬಲು ಬರುವುದಿಲ್ಲ; ಗೀರಿನ ತಳ ಎಲ್ಲಿದೆಯೋ ಅಲ್ಲಿಯವರೆಗೆ ಸುತ್ತಲಿನ ಕ್ಲಿಯರನ್ನೇ ಸವೆಸಿ ಸಮ ಮಾಡಬೇಕು. ಹೊಸ ಬಣ್ಣ ಕಿತ್ತಳೆ ಸಿಪ್ಪೆಯ ಹಾಗೆ ತರಿತರಿಯಾಗಿ ಕೂತಿದ್ದರೆ 1500, 2000, 3000 ನಂಬರಿನ ವಾಟರ್ ಪೇಪರಿನಲ್ಲಿ ನೀರು ಹಾಕಿ ಉಜ್ಜಿ, ಕಾಂಪೌಂಡ್ ಹಚ್ಚಿ, ಕೊನೆಗೆ ಮೆತ್ತನೆ ಫೋಮ್ ಪ್ಯಾಡಿನಲ್ಲಿ ಮುಗಿಸುತ್ತಾರೆ. ಒಂದೊಂದು ಸಲಕ್ಕೂ ಕೆಲವು ಮೈಕ್ರಾನ್ ಹೋಗುತ್ತದೆ. ಕ್ಲಿಯರ್ ಇರುವುದೇ 50 ಮೈಕ್ರಾನ್ ಆದ್ದರಿಂದ ಈ ಲೆಕ್ಕ ಬೇಗ ಮುಗಿಯುತ್ತದೆ. ಕ್ಲಿಯರ್ ಸವೆದುಹೋದ ಜಾಗ ಬಿಸಿಲಿಗೆ ಬೆಳ್ಳಗಾಗಿ ಸಿಪ್ಪೆ ಏಳುತ್ತದೆ. ಅಲ್ಲಿಗೆ ಯಾವ ಪಾಲಿಷೂ ಉಪಯೋಗಕ್ಕೆ ಬರದು.

ಹಾಗಿದ್ದೂ ಪ್ರತಿ ಸರ್ವಿಸಿಗೆ ರಬ್ಬಿಂಗ್ ಮಾಡಿಸುವ ರೂಢಿ ನಮ್ಮಲ್ಲಿ ಯಾಕಿದೆ? ಅದರ ಬೇರು ಹಳೆಯದು. ಅಮೆರಿಕದ ಡುಪಾಂಟ್ ಕಂಪನಿಯ ನೈಟ್ರೊಸೆಲ್ಯುಲೋಸ್ ಬಣ್ಣ ‘ಡುಕೋ’ 1920ರ ದಶಕದಲ್ಲಿ ಕಾರುಗಳಿಗೆ ಬಂತು. ವಾರಗಟ್ಟಲೆ ಒಣಗುತ್ತಿದ್ದ ವಾರ್ನಿಷ್ ಕೆಲಸ ಗಂಟೆಗಳಿಗೆ ಇಳಿಯಿತು. ನಮ್ಮ ಗ್ಯಾರೇಜುಗಳಲ್ಲಿ ಡುಕೋ ಎಂಬ ಹೆಸರು ಇವತ್ತಿಗೂ ಓಡಾಡುತ್ತದೆ. ಆ ಬಣ್ಣ ಗನ್ನಿನಿಂದ ಮಂಕಾಗಿಯೇ ಬರುತ್ತಿತ್ತು, ಉಜ್ಜಿದರೆ ಮಾತ್ರ ಹೊಳೆಯುತ್ತಿತ್ತು. ಕಾಲಕಾಲಕ್ಕೆ ಮತ್ತೆ ಉಜ್ಜಬೇಕಿತ್ತು. ಇಂದಿನ 2ಕೆ ಕ್ಲಿಯರ್ ಹೊಳಪಿನೊಂದಿಗೇ ಹುಟ್ಟುತ್ತದೆ. ಬಣ್ಣ ಬದಲಾಯಿತು, ಉಜ್ಜುವ ಅಭ್ಯಾಸ ಉಳಿದುಬಿಟ್ಟಿತು. ಸರ್ವಿಸ್ ಬಿಲ್ಲಿನಲ್ಲಿ ರಬ್ಬಿಂಗ್ ಎಂಬ ಸಾಲು ಕಂಡರೆ ಧೈರ್ಯವಾಗಿ ಬೇಡ ಎನ್ನಿ.

ಕೆಲಸ ಗೊತ್ತಿರುವವರು ಮೊದಲು ಅಳೆಯುತ್ತಾರೆ. ಕಾಂತದಿಂದ ಕೆಲಸ ಮಾಡುವ ಪುಟ್ಟ ಗೇಜು ಉಕ್ಕಿನ ತಗಡಿನ ಮೇಲಿನ ಪದರದ ದಪ್ಪ ತೋರಿಸುತ್ತದೆ. 100–150 ಬಂದರೆ ಕಂಪನಿ ಬಣ್ಣ. 200–300 ಬಂದರೆ ಮರುಬಣ್ಣ. 500 ದಾಟಿದರೆ ಒಳಗೆ ಪಟ್ಟಿ ಇದೆ. ಹಳೇ ಕಾರು ಕೊಳ್ಳುವವರಿಗೂ ಇದು ಒಳ್ಳೆಯ ಪರೀಕ್ಷೆ. ಪ್ಲಾಸ್ಟಿಕ್ ಬಂಪರಿನಲ್ಲಿ ಈ ಗೇಜು ನಡೆಯದು. ಬಾನೆಟ್ಟಿನ ಏಣು, ಬಾಗಿಲಿನ ಅಂಚುಗಳಲ್ಲಿ ಬಣ್ಣ ಸಹಜವಾಗಿಯೇ ತೆಳು; ಯಂತ್ರ ತಗುಲದಂತೆ ಅಲ್ಲಿಗೆ ಟೇಪ್ ಹಚ್ಚುತ್ತಾರೆ. ನಡುನಡುವೆ ಮುಂಗೈ ತಾಗಿಸಿ ಬಿಸಿ ನೋಡುತ್ತಾರೆ. ಮುಗಿದ ಮೇಲೆ ಪಾಲಿಷಿನ ಎಣ್ಣೆ ಒರೆಸಿ ತೆಗೆದು ತೋರಿಸುವವರು ಪ್ರಾಮಾಣಿಕರು. ಎಣ್ಣೆ ತುಂಬಿದ ಗೀರು ಅಂಗಡಿಯ ದೀಪದಡಿ ಮಾಯವಾಗಿದ್ದು, ಎರಡು ವಾಶ್ ಆದ ಮೇಲೆ ಮತ್ತೆ ಎದ್ದು ಕೂರುತ್ತದೆ. ಕಾರನ್ನು ಬಿಸಿಲಿಗೆ ತಂದು ನೋಡಿಯೇ ಹಣ ಕೊಡಿ.

ಕೋಟಿಂಗ್ ಬಗ್ಗೆಯೂ ಇಷ್ಟು ತಿಳಿದಿರಲಿ. ಸೆರಾಮಿಕ್ ಕೋಟಿಂಗ್ ಹಕ್ಕಿ ಹಿಕ್ಕೆ, ಉಪ್ಪುನೀರಿನಂಥವು ಬೇಗ ಕಚ್ಚದಂತೆ ತಡೆಯುತ್ತದೆ, ತೊಳೆಯುವುದನ್ನು ಹಗುರ ಮಾಡುತ್ತದೆ. ಅದರ ಮೇಲೆ ಬರೆದ 9ಎಚ್ ಎಂಬುದು ಪೆನ್ಸಿಲ್ ಗಡಸುತನದ ಪರೀಕ್ಷೆಯ ಲೆಕ್ಕ. ಕಲ್ಲು ಸಿಡಿದರೆ ಅದು ತಡೆಯದು. ಸಿಡಿಯುವ ಕಲ್ಲಿಗೆ ಅಡ್ಡ ನಿಲ್ಲುವುದು ಸುಮಾರು 200 ಮೈಕ್ರಾನ್ ದಪ್ಪದ ಪಿಪಿಎಫ್ ಹಾಳೆ, ಅದು ದುಬಾರಿ. ‘ಟೆಫ್ಲಾನ್’ ಕೋಟಿಂಗ್ ಎಂದು ಮಾರುವುದು ಬೇರೆಯದೇ. ನಿಜವಾದ ಟೆಫ್ಲಾನ್ ಕರಗಿ ಕೂರಲು 300 ಡಿಗ್ರಿಗೂ ಮೀರಿದ ಬಿಸಿ ಬೇಕು, ಕಾರಿನ ಬಣ್ಣ ಅಷ್ಟು ಬಿಸಿಯನ್ನು ತಾಳದು.

ಬೆಳಗಿನ ಬಕೆಟ್ಟು

ಕಾಫಿ ಬೋರ್ಡ್ ಬಡಾವಣೆಯ ಕಡೆಯ ಅಪಾರ್ಟ್‌ಮೆಂಟುಗಳಲ್ಲಿ ಬೆಳಿಗ್ಗೆ ಆರಕ್ಕೇ ಕಾರು ಒರೆಸುವವರ ಕೆಲಸ ಶುರು. ತಿಂಗಳ ಲೆಕ್ಕಕ್ಕೆ ಹತ್ತಾರು ಕಾರು, ಕೈಯಲ್ಲಿ ಒಂದು ಬಕೆಟ್, ಒಂದು ಬಟ್ಟೆ. ಕೊನೆಯ ಕಾರಿಗೆ ಬರುವಷ್ಟರಲ್ಲಿ ಆ ನೀರಿನಲ್ಲಿ ಅಷ್ಟೂ ಕಾರಿನ ಕಲ್ಲುಪುಡಿ. ಇದರಲ್ಲಿ ಅವರ ತಪ್ಪೇನೂ ಇಲ್ಲ. ನಾವು ಕೊಟ್ಟ ಸಮಯ, ನೀರು, ಸಂಬಳ ಅಷ್ಟೇ. ಪ್ರತಿದಿನ ಒರೆಸುವ ಬದಲು ವಾರಕ್ಕೊಮ್ಮೆ ಸರಿಯಾಗಿ ತೊಳೆಯಲು ಅದೇ ಹಣ ಕೊಟ್ಟರೆ ಕಾರಿಗೂ ಒಳ್ಳೆಯದು, ಅವರ ಸೊಂಟಕ್ಕೂ ಒಳ್ಳೆಯದು. ನಿಮ್ಮ ಕಾರಿಗೆಂದೇ ಎರಡು ಮೈಕ್ರೋಫೈಬರ್ ಬಟ್ಟೆ ತಂದುಕೊಡಿ.

ತೊಳೆಯುವ ಕ್ರಮ ಕಷ್ಟದ್ದಲ್ಲ. ಮೊದಲು ಬಟ್ಟೆ ತಾಗಿಸದೆ ನೀರು ಹಾಯಿಸಿ ಪುಡಿ ಇಳಿಸಬೇಕು. ಎರಡು ಬಕೆಟ್: ಒಂದರಲ್ಲಿ ಕಾರ್ ಶಾಂಪೂ, ಇನ್ನೊಂದರಲ್ಲಿ ಬಟ್ಟೆ ಜಾಲಿಸುವ ಬರಿ ನೀರು. ಮೇಲಿನಿಂದ ಕೆಳಕ್ಕೆ, ಚಕ್ರ ಕೊನೆಗೆ. ಬಟ್ಟೆ ಸೋಪಿನ ಪುಡಿ ಬೇಡ, ಅದು ವ್ಯಾಕ್ಸ್ ಕಿತ್ತುಹಾಕುತ್ತದೆ. ಈ ಭಾಗದ ಬೋರ್‌ವೆಲ್ ನೀರು ಗಡಸು. ಬಿಸಿಲಿನಲ್ಲಿ ಹಾಗೇ ಒಣಗಲು ಬಿಟ್ಟರೆ ಕ್ಯಾಲ್ಸಿಯಂ, ಮೆಗ್ನೀಸಿಯಂ ಬಿಳಿ ಉಂಗುರಗಳಾಗಿ ಕೂರುತ್ತವೆ. ಆದ್ದರಿಂದ ನೆರಳು ಬೇಕು, ತಕ್ಷಣ ಒರೆಸುವುದೂ ಬೇಕು.

ನೀರಿನ ಮಾತು ಬಂದರೆ ಇನ್ನೊಂದು ಹೊಣೆಯೂ ಇದೆ. 2024ರ ಮಾರ್ಚ್‌ನಲ್ಲಿ ನಗರ ಬರದಿಂದ ತತ್ತರಿಸಿದಾಗ ಬೆಂಗಳೂರು ಜಲಮಂಡಳಿ ಕುಡಿಯುವ ನೀರಿನಲ್ಲಿ ವಾಹನ ತೊಳೆಯುವುದನ್ನು ನಿಷೇಧಿಸಿ 5,000 ರೂಪಾಯಿ ದಂಡ ಗೊತ್ತುಮಾಡಿತು. ತಪ್ಪು ಮರುಕಳಿಸಿದರೆ ದಿನಕ್ಕೆ 500 ಹೆಚ್ಚುವರಿ. ಪೈಪು ಹರಿಬಿಟ್ಟು ಕಾರು ತೊಳೆಯುವ ಕಾಲ ಮುಗಿಯಿತು. ಎರಡು ಬಕೆಟ್ಟಿನ ಕ್ರಮ ಬಣ್ಣವನ್ನೂ ಉಳಿಸುತ್ತದೆ, ನೀರನ್ನೂ ಉಳಿಸುತ್ತದೆ.

ಹಕ್ಕಿ, ಹೊಂಗೆ, ಆಯುಧಪೂಜೆ

ಹೆಬ್ಬಾಳ ಕೆರೆ ಹತ್ತಿರವಿರುವುದು ಈ ಊರಿನ ಭಾಗ್ಯ. ಹೆಜ್ಜಾರ್ಲೆ, ನೀರುಕಾಗೆ, ಬಕಗಳು ತಲೆಯ ಮೇಲೆ ಹಾರುತ್ತಿರುತ್ತವೆ; ಊರೊಳಗೆ ಪಾರಿವಾಳ, ಹದ್ದುಗಳೂ ಸಾಕಷ್ಟು. ಹಕ್ಕಿ ಹಿಕ್ಕೆಯಲ್ಲಿ ಯೂರಿಕ್ ಆಮ್ಲವಿದೆ. ಬಿಸಿಲಿಗೆ ಕ್ಲಿಯರ್ ಮೆತ್ತಗಾಗಿ ಹಿಗ್ಗುತ್ತದೆ, ಸಂಜೆ ತಣ್ಣಗಾಗಿ ಒಣಗಿದ ಹಿಕ್ಕೆಯ ಸುತ್ತ ಬಿಗಿದುಕೊಳ್ಳುತ್ತದೆ, ಅಚ್ಚು ಉಳಿಯುತ್ತದೆ. ಹೊಸ ಬಣ್ಣಕ್ಕೆ ಒಂದು ಮಧ್ಯಾಹ್ನ ಸಾಕು. ಒರೆಸಲು ಹೋಗಬೇಡಿ, ಒದ್ದೆ ಬಟ್ಟೆಯನ್ನು ಅದರ ಮೇಲೆ ಐದು ಹತ್ತು ನಿಮಿಷ ಹಾಸಿಟ್ಟು, ನೆನೆದ ಮೇಲೆ ಎತ್ತಿ ತೆಗೆಯಿರಿ. ಹೊಂಗೆ ಹೂವು ಉದುರುವ ಕಾಲದಲ್ಲಿ, ಮಳೆಮರದ ಕೀಟಗಳು ಅಂಟು ಸುರಿಸುವಾಗ ಮಾಡಬೇಕಾದ್ದೂ ಇಷ್ಟೇ.

ಆಯುಧಪೂಜೆಗೆ ಮುಂಚೆ ಶೆಡ್ಡುಗಳಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಹಬ್ಬಕ್ಕೆ ಗಾಡಿ ಹೊಸದರಂತೆ ಕಾಣಬೇಕೆಂಬ ಆಸೆ ಎಲ್ಲರದೂ. ನವಮಿಯ ಹಿಂದಿನ ದಿನ ಬಣ್ಣ ಒಣಗಿಸಿ ತಂದು, ಮರುದಿನ ಅದರ ಮೇಲೆ ಕುಂಕುಮ ಕಲಸಿ ಸ್ವಸ್ತಿಕ ಬರೆದರೆ ಆ ಕೆಂಪು ಮೆತ್ತನೆಯ ಕ್ಲಿಯರಿನೊಳಗೆ ಇಳಿದುಬಿಡುತ್ತದೆ. ಅರಿಸಿನದ ಕಲೆ ಬಿಸಿಲಿಗೆ ಮಾಸಬಹುದು, ಕುಂಕುಮದ ಕೃತಕ ಬಣ್ಣ ಅಷ್ಟು ಸುಲಭಕ್ಕೆ ಮಾಸದು. ಪೂಜೆ ನಿಲ್ಲಿಸಬೇಕಿಲ್ಲ. ಕುಂಕುಮ ಗಾಜಿಗೆ ಅಥವಾ ನಂಬರ್ ಪ್ಲೇಟಿಗೆ ಇಡಿ, ಬಾಳೆಕಂದು ಮತ್ತು ಚೆಂಡುಹೂವಿನ ಹಾರವನ್ನು ಟೇಪಿನ ಬದಲು ದಾರದಲ್ಲಿ ಕಟ್ಟಿ, ಬೂದುಗುಂಬಳವನ್ನು ಕಾರಿನಿಂದ ನಾಲ್ಕು ಹೆಜ್ಜೆ ದೂರದಲ್ಲಿ ಒಡೆಯಿರಿ, ಸಂಜೆಯೇ ಹೂವು ಬಿಚ್ಚಿ ನೀರು ಹಾಯಿಸಿ. ಎಲ್ಲಕ್ಕಿಂತ ಮೇಲು, ಕಾರನ್ನು ಹಬ್ಬಕ್ಕೆ ಒಂದೂವರೆ ತಿಂಗಳು ಮುಂಚೆಯೇ ಶೆಡ್ಡಿಗೆ ಬಿಡುವುದು.

ಶೆಡ್ಡು ಆರಿಸುವ ಬಗೆ

ಹೊಸ ಬಣ್ಣಕ್ಕೆ ಬೇಕಾದದ್ದು ಆತುರ ಪಡದಿರುವುದು, ಕಡಿಮೆ ಮುಟ್ಟುವುದು. ಈ ನಡಿಗೆಯಲ್ಲಿ ಎಲ್ಲ ಕಡೆಯಿಂದಲೂ ತಿಳಿದುಬಂದದ್ದು ಇದೇ. ಆದರೆ ಆತುರಕ್ಕೆ ಬೆಲೆ ತೆರುವುದು ಕಾರು ಮಾತ್ರವಲ್ಲ. 2ಕೆ ಹಾರ್ಡನರಿನಲ್ಲಿ ಐಸೊಸಯನೇಟ್ ಎಂಬ ರಾಸಾಯನಿಕವಿದೆ. ಗನ್ನಿನಿಂದ ಹೊರಬರುವ ಅದರ ಮಂಜನ್ನು ಉಸಿರಾಡುವುದು ಪೇಂಟರ್‌ಗಳಲ್ಲಿ ಉಬ್ಬಸಕ್ಕೆ ಲೋಕವಿಡೀ ಗುರುತಿಸಿರುವ ಕಾರಣ. ಒಮ್ಮೆ ಶ್ವಾಸಕೋಶ ಅದಕ್ಕೆ ಸೂಕ್ಷ್ಮವಾಗಿಬಿಟ್ಟರೆ ಮುಂದೆ ಚೂರು ತಗುಲಿದರೂ ಉಸಿರು ಕಟ್ಟುತ್ತದೆ. ಮೂಗಿಗೆ ಕಟ್ಟಿದ ಕರವಸ್ತ್ರ ಅದನ್ನು ತಡೆಯುವುದಿಲ್ಲ. ಹೊರಗಿನ ಶುದ್ಧ ಗಾಳಿ ಕೊಳವೆಯಲ್ಲಿ ತರುವ ಮುಖವಾಡವಿದ್ದರೆ ಉತ್ತಮ. ಕೊನೇಪಕ್ಷ ಇದ್ದಿಲಿನ ಫಿಲ್ಟರ್ ಇರುವ, ಮುಖಕ್ಕೆ ಬಿಗಿಯಾಗಿ ಕೂರುವ ಮಾಸ್ಕ್, ಹೊರಗೆ ಗಾಳಿ ತಳ್ಳುವ ಫ್ಯಾನ್ ಇರಲೇಬೇಕು.

ಶೆಡ್ಡು ಆರಿಸುವಾಗ ಮೊದಲು ಬೂತಿನ ಗೂಟಕ್ಕೆ ಮಾಸ್ಕ್ ತೂಗುಹಾಕಿದೆಯೇ ನೋಡಿ. ಪೇಂಟರ್ ಉಸಿರನ್ನು ಕಾಪಾಡುವ ಯಜಮಾನ ಸಾಮಾನ್ಯವಾಗಿ ಬೂತನ್ನೂ ಶುಚಿಯಾಗಿಟ್ಟಿರುತ್ತಾನೆ, ಹಾರ್ಡನರನ್ನೂ ಅಳತೆ ನೋಡಿಯೇ ಹಾಕಿಸುತ್ತಾನೆ. ಆಮೇಲೆ ಕೇಳಿ: ಯಾವ ಕ್ಲಿಯರ್, ಎಷ್ಟು ಕೋಟ್, ಎಷ್ಟು ಹೊತ್ತು ಕಾಯಿಸುತ್ತೀರಿ, ಪಾಲಿಷ್ ಯಾವಾಗ? ಅಂಥವರು ಎರಡು ದಿನ ಹೆಚ್ಚು ಕೇಳಿದರೆ ಕೊಡಿ, ಸಾವಿರ ರೂಪಾಯಿ ಹೆಚ್ಚು ಕೇಳಿದರೂ ಕೊಡಿ. ನಾಳೆ ಬೆಳಿಗ್ಗೆಯೇ ಬೇಕು ಎಂದು ನಾವು ಪಟ್ಟು ಹಿಡಿದಾಗಲೇ ಕೋಟ್‌ಗಳ ನಡುವಿನ ಬಿಡುವು ಹೋಗುತ್ತದೆ, ಮಾಸ್ಕ್ ಹಾಕುವ ವ್ಯವಧಾನವೂ ಹೋಗುತ್ತದೆ. ಹೊಸ ಬಣ್ಣದ ಆರೈಕೆ ಗಿರಾಕಿಯಿಂದಲೇ ಶುರುವಾಗುವುದು, ಶೆಡ್ಡಿನವರಿಗೆ ಬೇಕಾದಷ್ಟು ಸಮಯ ಕೊಡುವುದರಿಂದ.